ಚಾರ್ಟ್, ಆ್ಯಪ್, ರಟ್ಟಿನ ಕಾರ್ಡು: ಮಗಳಿಗೆ ಓದು ಬಂದಿದ್ದು ಯಾವುದರಿಂದ?

ಒಂದು ವರ್ಷದ ಚಂದಾ ಕಟ್ಟಿ ಹಾಕಿಸಿಕೊಂಡ ಆ್ಯಪ್ ಈಗ ನನ್ನ ಫೋನಿನಲ್ಲಿಲ್ಲ. ವರ್ಣಮಾಲೆಯ ಚಾರ್ಟ್ ಗೋಡೆ ಮೇಲೆ ಇನ್ನೂ ಇದೆ, ಯಾರೂ ನೋಡುವುದಿಲ್ಲ. ಐದು ವರ್ಷದ ಮಗಳಿಗೆ ಕನ್ನಡ ಓದಲು ಬಂದಿದ್ದು ಹಳೇ ರಟ್ಟಿನ ಪೆಟ್ಟಿಗೆ ಕತ್ತರಿಸಿ ನಾನೇ ಮಾಡಿದ ಕಾರ್ಡುಗಳಿಂದ. ಮೂರನ್ನೂ ತಿಂಗಳುಗಟ್ಟಲೆ ಬಳಸಿದ್ದೇನೆ. ನನ್ನ ಒಲವು ಕಾರ್ಡಿನ ಕಡೆಗೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಶುರು ಮಾಡಿದ್ದು ಚಾರ್ಟ್‌ನಿಂದ. ನಾವೆಲ್ಲ ಕಲಿತಿದ್ದೂ ಹಾಗೇ ಅಲ್ವಾ? ಎರಡು ತಿಂಗಳಲ್ಲಿ ಮಗಳು 49 ಅಕ್ಷರಗಳನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದಳು. ತುಂಬಾ ಖುಷಿಯಾಗಿತ್ತು. ಒಂದು ದಿನ ಪುಸ್ತಕದಲ್ಲಿ 'ಮ' ತೋರಿಸಿ, "ಇದೇನು ಪುಟ್ಟಿ?" ಅಂದೆ. ಎದ್ದು ಗೋಡೆ ಹತ್ತಿರ ಓಡಿದಳು. 'ಕ' ಮೇಲೆ ಬೆರಳಿಟ್ಟು, ಕ ಖ ಗ ಘ ಅಂತ ರಾಗವಾಗಿ ಹೇಳುತ್ತಾ ಸಾಲು ಸಾಲಾಗಿ ಇಳಿದಳು. ಐದನೇ ಸಾಲಿನ ಕೊನೆಗೆ ಬಂದು ನಿಂತು, ನನ್ನ ಕಡೆ ತಿರುಗಿ "ಮ" ಅಂದಳು. ಅಷ್ಟು ದಿನ ಅವಳು ಕಲಿತಿದ್ದು ಹಾಡು. ಹಾಡಿನಿಂದ ಹೊರಗೆ ಒಂಟಿಯಾಗಿ ಸಿಕ್ಕ ಅಕ್ಷರದ ಗುರುತು ಅವಳಿಗಿರಲಿಲ್ಲ.

ಇನ್ನೊಂದು, ಚಾರ್ಟ್‌ನಲ್ಲಿ ಙ, ಞ ಅಕ್ಷರಗಳಿಗೂ ನ, ರ ಅಕ್ಷರಗಳಿಗೂ ಸಮಾನ ಜಾಗ. ಮಕ್ಕಳ ಪುಸ್ತಕದಲ್ಲಿ ಙ ಎಲ್ಲಿ ಸಿಗಬೇಕು?

ಆಮೇಲೆ ಆ್ಯಪ್. ಅದರ ಒಳ್ಳೆಯದನ್ನು ಮೊದಲು ಹೇಳುತ್ತೇನೆ: ಉಚ್ಚಾರಣೆ ಚೆನ್ನಾಗಿತ್ತು. ಲ-ಳ, ನ-ಣ ವ್ಯತ್ಯಾಸ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೆ ಪ್ರತಿ ಪದದ ಮೇಲೂ ಚಿತ್ರ, ಮುಟ್ಟಿದ ತಕ್ಷಣ ಧ್ವನಿ. 'ಮರ' ಅಂತ ಪಟ್ಟನೆ ಓದಿದಳು. ನಾನು ಚಿತ್ರದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, "ಈಗ ಓದು" ಅಂದೆ. ಅವಳು ಪದ ನೋಡಲಿಲ್ಲ, ನನ್ನ ಮುಖ ನೋಡಿದಳು. ಆ್ಯಪ್ ನಾಲ್ಕು ಉತ್ತರ ತೋರಿಸಿ ಒಂದನ್ನು ಆರಿಸು ಅಂದರೆ, ನಕ್ಷತ್ರ ಬರುವವರೆಗೆ ನಾಲ್ಕನ್ನೂ ಒತ್ತುತ್ತಿದ್ದಳು. ಅದರಲ್ಲಿ ಮಗುವಿನ ತಪ್ಪೇನಿಲ್ಲ. ಓದದೆ ಮುಂದೆ ಹೋಗಲು ದಾರಿ ಇದ್ದರೆ ಯಾವ ಮಗುವಾದರೂ ಅದೇ ದಾರಿ ಹಿಡಿಯುತ್ತದೆ.

ಅಂಗಡಿಯಲ್ಲಿ ಸಿಗುವ ಚಿತ್ರದ ಕಾರ್ಡುಗಳಲ್ಲೂ ಇದೇ ತೊಂದರೆ.

ಕೊನೆಗೆ ರಟ್ಟು ಕತ್ತರಿಸಿದೆ. ಚಿತ್ರವಿಲ್ಲ, ಬರೀ ಅಕ್ಷರ. ಕ್ರಮ ಅ ಆ ಇ ಈ ಅಲ್ಲ, ರ ಗ ಸ ದ ಅ. ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ಮೊದಲು ಕಲಿಸುವ ಅಕ್ಷರಗಳು ಇವೇ. ಬರೆಯಲು ಸುಲಭ, ಐದೇ ಅಕ್ಷರಕ್ಕೆ ಪದಗಳೂ ಹುಟ್ಟುತ್ತವೆ: ಸರ, ರಸ, ಅರಸ, ಅಗಸ. ಒಂದು ಅಕ್ಷರಕ್ಕೆ ಎರಡೆರಡು ಕಾರ್ಡು ಬೇಕು, ಇಲ್ಲದಿದ್ದರೆ 'ಗರಗಸ' ಮಾಡಲಾಗುವುದಿಲ್ಲ. ಆ ಪದವನ್ನು ನೆಲದ ಮೇಲೆ ಜೋಡಿಸಿಟ್ಟ ದಿನ ಚೆನ್ನಾಗಿ ನೆನಪಿದೆ. ಗ... ರ... ಗ... ಸ ಅಂತ ಒಂದೊಂದನ್ನೇ ಮುಟ್ಟಿ ಹೇಳಿದಳು. ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ "ಗರಗಸ! ಮರ ಕೊಯ್ಯೋದು!" ಅಂತ ಕೂಗಿದಳು. ಯಾರೂ ಹೇಳಿಕೊಡದೆ ಅವಳು ಓದಿದ ಮೊದಲ ಪದ ಅದು. ಮುಂದಿನ ಐದು ಜ ವ ಮ ಬ ನ. ಹತ್ತು ಅಕ್ಷರ ಆಗುವಷ್ಟರಲ್ಲಿ 'ಅರಸನ ನಗರ', 'ಬಸವನ ದನ' ಅಂತೆಲ್ಲ ಓದುತ್ತಿದ್ದಳು.

ತಲೆನೋವು ಬಂದಿದ್ದು ಕಾಗುಣಿತದಲ್ಲಿ. ಪ್ರತಿ ವ್ಯಂಜನಕ್ಕೂ ಇಡೀ ಕಾಗುಣಿತ ಬರೆದರೆ ನೂರಾರು ಕಾರ್ಡಾಗುತ್ತದೆ. ಅದಕ್ಕೆ ಇಳಿ ('ಕಾ'ದಲ್ಲಿರುವುದು), ಗುಡಿಸು ('ಕಿ'ಯಲ್ಲಿರುವುದು), ಕೊಂಬು ('ಕು'ವಿನಲ್ಲಿರುವುದು) ಇವುಗಳನ್ನು ಬೇರೆ ಪಟ್ಟಿಗಳಲ್ಲಿ ಬರೆದು, ಅಕ್ಷರದ ಪಕ್ಕ ಇಟ್ಟರಾಯಿತು ಅಂದುಕೊಂಡೆ. ಇಳಿ ಒಂದು ಮಟ್ಟಕ್ಕೆ ನಡೆಯಿತು. ದಾರ, ರಾಗ, ಸಾರ ಎಲ್ಲ ಬಂತು. ಗುಡಿಸು ಬಂದಾಗ ಕೆಟ್ಟಿತು. ಅದು ಕೂರುವುದೇ ತಲೆಕಟ್ಟಿನ ಜಾಗದಲ್ಲಿ. ಕಾರ್ಡಿನಲ್ಲಿ ತಲೆಕಟ್ಟು ಹಾಗೇ ಇದೆ, ಪಕ್ಕದಲ್ಲಿ ಗುಡಿಸು. "ಎರಡು ಟೋಪಿ ಯಾಕಮ್ಮ?" ಅಂದಳು.

ಕೊಂಬಿನದು ಇನ್ನೂ ಕಷ್ಟ. 'ಹಾವು' ಮಾಡಲು 'ವ' ಕಾರ್ಡಿನ ಪಕ್ಕ ಕೊಂಬಿನ ಪಟ್ಟಿ ಇಟ್ಟೆ. ಅವಳು "ಹಾಮ" ಅಂತ ಓದಿದಳು. ಇಲ್ಲ, ಸರಿಯಾಗಿ ನೋಡು ಅಂದೆ. ಮತ್ತೆ "ಹಾಮ". ಮೂರನೇ ಸಲ ಅವಳ ಕಣ್ಣಲ್ಲಿ ನೀರು. ಆಗ ಬಗ್ಗಿ ಅವಳ ಕಡೆಯಿಂದ ನೋಡಿದೆ. ಅವಳು ಹೇಳಿದ್ದೇ ಸರಿ! ವ ಪಕ್ಕದಲ್ಲಿ ಕೊಂಬು ಇಟ್ಟರೆ ಕಾಣುವುದು ಮ. ಅದಕ್ಕೇ ಪು, ವು ಬರೆಯುವಾಗ ನಾವು ಕೊಂಬನ್ನು ಕೆಳಗಿನಿಂದ ಎಳೆಯುತ್ತೇವೆ. ಇಷ್ಟು ವರ್ಷ ಹಾಗೇ ಬರೆದಿದ್ದೇನೆ, ಯಾಕೆ ಅಂತ ಯೋಚಿಸಿಯೇ ಇರಲಿಲ್ಲ. ಅವಳನ್ನು ಅಪ್ಪಿಕೊಂಡು, "ನೀನು ಓದಿದ್ದೇ ಸರಿ ಪುಟ್ಟಿ, ಅಮ್ಮ ಇಟ್ಟಿದ್ದು ತಪ್ಪು" ಅಂದೆ.

ಅವತ್ತೇ ಪಟ್ಟಿಗಳನ್ನು ಬಿಟ್ಟೆ. ಈಗ ಒಂದು ವಾರಕ್ಕೆ ಒಂದೇ ಗುರುತು. ಗುಡಿಸಿನ ವಾರದಲ್ಲಿ ಗಿ, ಸಿ, ರಿ, ನಿ ಹೀಗೆ ಪೂರ್ತಿ ಅಕ್ಷರವನ್ನೇ ಬರೆದ ಕಾರ್ಡುಗಳು, ಅದೂ ಆ ವಾರದ ಪದಗಳಿಗೆ ಬೇಕಾದವು ಮಾತ್ರ. ಕೆಲಸ ಜಾಸ್ತಿ, ನಿಜ. ಆದರೆ ಕ ಕಾ ಕಿ ಕೀ ಅಂತ ಮತ್ತೊಂದು ಹಾಡು ಬಾಯಿಪಾಠ ಮಾಡಿಸುವುದು ತಪ್ಪಿತು.

ಸ್ಲೇಟಿನಲ್ಲಿ ತಿದ್ದಿಸುವುದನ್ನೂ ಮಾಡಿದೆ. ಕೈಗೆ ಒಳ್ಳೆಯದು, ಓದಿಗೆ ದೊಡ್ಡ ಸಹಾಯವೇನೂ ಆಗಲಿಲ್ಲ. ಕಥೆ ಪುಸ್ತಕ ಮಾತ್ರ ಯಾವ ದಾರಿ ಹಿಡಿದರೂ ಜೊತೆಗಿರಬೇಕು. ನಾನು ಬೆರಳಿಟ್ಟು ಓದುತ್ತೇನೆ, ಅವಳಿಗೆ ಗೊತ್ತಿರುವ ಪದ ಬಂದಾಗ ನಿಲ್ಲಿಸುತ್ತೇನೆ, ಅವಳು ಓದುತ್ತಾಳೆ.

ನನಗೆ ದಿನಾ ರಾತ್ರಿ ಅವಳ ಜೊತೆ ನೆಲದ ಮೇಲೆ ಕೂರಲು ಕಾಲು ಗಂಟೆ ಸಿಗುತ್ತದೆ. ಹಾಗಾಗಿ ಕಾರ್ಡು ನನಗೆ ಒಗ್ಗಿತು. ಖರ್ಚು ಅಂದರೆ ಒಂದು ಮಾರ್ಕರ್ ಪೆನ್ನು. ಆ್ಯಪ್‌ಗೆ ಕಟ್ಟಿದ ದುಡ್ಡಲ್ಲಿ ಕಥೆ ಪುಸ್ತಕ ತಂದಿದ್ದರೆ ಒಂದು ಕಪಾಟು ತುಂಬುತ್ತಿತ್ತು. ಜೊತೆಗೆ ಕೂರಲು ಯಾರಿಗೂ ಪುರುಸೊತ್ತಿಲ್ಲದ ಮನೆಯಲ್ಲಿ ಕಾರ್ಡು ಡಬ್ಬದಲ್ಲೇ ಉಳಿಯುತ್ತದೆ. ಅಂಥಲ್ಲಿ ಆ್ಯಪ್ ಇರಲಿ, ಆದರೆ ಆಗಾಗ ಚಿತ್ರದ ಮೇಲೆ ಹೆಬ್ಬೆರಳಿಟ್ಟು ನೋಡಿ.

ಈಗ ಒತ್ತಕ್ಷರಕ್ಕೆ ಬಂದಿದ್ದೇವೆ. ಅಕ್ಕ, ಅಜ್ಜ, ಹಗ್ಗ ಸಲೀಸಾಗಿ ಬಂತು. 'ಸೂರ್ಯ' ಬಂದಾಗ "ಸೂ... ಯ... ಇದೇನಮ್ಮ ಬಾಲ?" ಅಂತ ಕೇಳಿದಳು. ಆ ಬಾಲವೇ ಅರ್ಕಾವೊತ್ತು, ಅಂದರೆ 'ರ್' ಗುರುತು. ಅದನ್ನು ಬರೆಯುವುದು ಅಕ್ಷರದ ಆಮೇಲೆ, ಓದುವುದು ಮೊದಲು. ಅದನ್ನು ಬಿಡಿ ಕಾರ್ಡಿನಲ್ಲಿ ತೋರಿಸುವುದು ಹೇಗೆ ಅಂತ ಇನ್ನೂ ಹೊಳೆದಿಲ್ಲ. ಸದ್ಯಕ್ಕೆ ಸೂರ್ಯ, ಕಾರ್ಯ, ಪರ್ವತ ಮೂರನ್ನೂ ಇಡೀ ಪದವಾಗಿ ಬರೆದು ಡಬ್ಬಕ್ಕೆ ಹಾಕಿದ್ದೇನೆ.