ಸೋನಿ ಎಂಝಡ್-ಆರ್‌ಎಚ್1 ಹೈ-ಎಂಡಿ ವಾಕ್‌ಮನ್: ವರ್ಷಗಟ್ಟಲೆ ಬಳಸಿದ ಮೇಲೆ

ಬರೀ ಹಾಡು ಕೇಳೋದಕ್ಕೆ ಇದನ್ನು ಹುಡುಕುತ್ತಿದ್ದರೆ, ಬೇಡ. ಅದಕ್ಕೆ ಇದಕ್ಕಿಂತ ಅಗ್ಗವಾಗಿ ಸಿಗುವ ಬೇರೆ ಹೈ-ಎಂಡಿ (ಮಿನಿಡಿಸ್ಕ್‌ನ ಸುಧಾರಿತ ರೂಪ) ಮಾದರಿಗಳು ಸಾಕು. ಆದರೆ ಮನೆಯಲ್ಲಿ ಹಳೆಯ ಮಿನಿಡಿಸ್ಕ್‌ಗಳಲ್ಲಿ (ಎಂಡಿ, ಅಂದರೆ ಪ್ಲಾಸ್ಟಿಕ್ ಗೂಡಿನೊಳಗಿನ ಪುಟ್ಟ ರೆಕಾರ್ಡಿಂಗ್ ಡಿಸ್ಕ್) ಕಛೇರಿ, ತಾಳಮದ್ದಲೆ, ಮನೆಯ ಹಿರಿಯರ ಮಾತು ಉಳಿದುಕೊಂಡಿದ್ದರೆ ಆರ್‌ಎಚ್1ಗೆ ಕೊಡುವ ದುಡ್ಡು ವ್ಯರ್ಥವಲ್ಲ. ಮಾಮೂಲಿ ಎಂಡಿಯಲ್ಲಿ ಮೈಕ್‌ನಿಂದ ಮಾಡಿದ ರೆಕಾರ್ಡಿಂಗನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಡಿಜಿಟಲ್ ಆಗಿಯೇ ಇಳಿಸುವ ಸೌಲಭ್ಯವನ್ನು ಸೋನಿ ತಾನಾಗಿ ಕೊಟ್ಟದ್ದು ಈ ಮಾದರಿಯಲ್ಲಿ ಮಾತ್ರ. ಎಂಝಡ್-ಎಂ200 ಎಂಬ ಹೆಸರಲ್ಲಿ ಮೈಕ್ ಜೊತೆ ಮಾರಿದ್ದೂ ಇದೇ ಯಂತ್ರ.

ಮಿನಿಡಿಸ್ಕ್ ಬಂದದ್ದು 1992ರಲ್ಲಿ, ಹೈ-ಎಂಡಿ 2004ರಲ್ಲಿ, ಆರ್‌ಎಚ್1 2006ರಲ್ಲಿ. 2011ರಲ್ಲಿ ಇದರ ಸರಬರಾಜು ನಿಂತಿತು. ಖಾಲಿ ಎಂಡಿ ತಯಾರಿಕೆಯನ್ನೂ ಸೋನಿ 2025ರ ಫೆಬ್ರವರಿಯಲ್ಲಿ ಕೊನೆಗೊಳಿಸಿದೆ. ಹಾಗಾಗಿ ಈಗ ಸಿಗುವ ಯಂತ್ರಗಳು ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್.

ಧ್ವನಿಯ ಮಾತು. 24 ಬಿಟ್, 96 ಕಿಲೋಹರ್ಟ್ಸ್ ಇದ್ದರೆ ಮಾತ್ರ ಹೈ-ರೆಸ್ ಎನ್ನುವ ಇವತ್ತಿನ ಲೆಕ್ಕಕ್ಕೆ ಇದು ನಿಲ್ಲುವುದಿಲ್ಲ. ಇಲ್ಲಿನ ಗರಿಷ್ಠ ಮಟ್ಟ ಸಿಡಿಯದೇ, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್ ಪಿಸಿಎಂ (ಹಿಂಡದ ಡಿಜಿಟಲ್ ಧ್ವನಿ). ಆದರೆ ಹಳೆಯ ಎಂಡಿಯ ಎಸ್‌ಪಿ ಎಂಬ ಮಾಮೂಲಿ ಮೋಡ್ 292 ಕೆಬಿಪಿಎಸ್‌ಗೆ (ಸೆಕೆಂಡಿಗೆ ಇಷ್ಟು ಕಿಲೋಬಿಟ್), ಹೆಚ್ಚು ಹೊತ್ತು ಹಿಡಿಯುವ ಎಲ್‌ಪಿ2 132ಕ್ಕೆ, ಎಲ್‌ಪಿ4 66ಕ್ಕೆ ಧ್ವನಿಯನ್ನು ಹಿಂಡುತ್ತಿದ್ದವು. ಹಿಂಡದೆ ಬರೆದುಕೊಳ್ಳುವ ಸಾಮರ್ಥ್ಯ ಬಂದದ್ದು ಹೈ-ಎಂಡಿಯಲ್ಲೇ. ಆ ವ್ಯತ್ಯಾಸ ಎಲ್ಲಿ ಕೇಳಿಸುತ್ತದೆ ಎಂದರೆ ತಂಬೂರಿಯಲ್ಲಿ. 64 ಕೆಬಿಪಿಎಸ್‌ನ ಹೈ-ಎಲ್‌ಪಿಯಲ್ಲಿ ಜೀವಾಳದ (ತಂತಿಯ ಕೆಳಗೆ ಇಡುವ ದಾರದ) ಝೇಂಕಾರ ಕಲಸಿಹೋಗಿ ಹಿನ್ನೆಲೆಯ ಗುಂಯ್‌ಗುಟ್ಟುವಿಕೆ ಆಗುತ್ತದೆ. ಪಿಸಿಎಂನಲ್ಲಿ ಒಂದೊಂದು ತಂತಿ ಮೀಟಿದ್ದು, ಅದು ಮೆಲ್ಲನೆ ಕರಗಿ ಮುಂದಿನ ತಂತಿಗೆ ಸೇರಿದ್ದು ಬಿಡಿಬಿಡಿಯಾಗಿ ಕೇಳುತ್ತದೆ. 256 ಕೆಬಿಪಿಎಸ್‌ನ ಹೈ-ಎಸ್‌ಪಿ ಗಾಯನಕ್ಕೆ ಧಾರಾಳವಾಗಿ ಸಾಕು. ಹೆಡ್‌ಫೋನ್ ಆಂಪ್ ಶಾಂತವಾಗಿದೆ, ಆದರೆ ದುರ್ಬಲ. ಇಯರ್‌ಫೋನ್‌ಗೆ ಸರಿ, 300 ಓಮ್‌ನ ದೊಡ್ಡ ಹೆಡ್‌ಫೋನ್‌ಗೆ ಜೀವ ಬರುವುದಿಲ್ಲ.

1 ಜಿಬಿ ಡಿಸ್ಕಿನಲ್ಲಿ ಪಿಸಿಎಂ 94 ನಿಮಿಷ, ಹೈ-ಎಸ್‌ಪಿ 7 ಗಂಟೆ 55 ನಿಮಿಷ ಹಿಡಿಯುತ್ತದೆ. ಮಾಮೂಲಿ 80 ನಿಮಿಷದ ಎಂಡಿಯನ್ನು ಹೈ-ಎಂಡಿಯಾಗಿ ಫಾರ್ಮ್ಯಾಟ್ ಮಾಡಿದರೆ 305 ಎಂಬಿ ಸಿಗುತ್ತದೆ. ಅದರಲ್ಲಿ ಪಿಸಿಎಂ ಬರೀ 28 ನಿಮಿಷ, ಹೈ-ಎಸ್‌ಪಿ 2 ಗಂಟೆ 20 ನಿಮಿಷ. ಎರಡೂವರೆ ಗಂಟೆಯ ಕಛೇರಿಗೆ ಪಿಸಿಎಂ ಎಂದರೆ 1 ಜಿಬಿಯ ಎರಡು ಡಿಸ್ಕ್ ಬೇಕೇ ಬೇಕು. ತನಿ ಆವರ್ತನ (ಮೃದಂಗದವರ ಸರದಿ) ಶುರುವಾಗುವ ಮೊದಲೇ ಉಳಿದ ಸಮಯ ನೋಡಿಕೊಂಡು ಚಪ್ಪಾಳೆಯ ನಡುವೆ ಡಿಸ್ಕ್ ಬದಲಿಸುವುದು ಕ್ಷೇಮ. ಸ್ಟಾಪ್ ಒತ್ತಿದ ತಕ್ಷಣ ಡಿಸ್ಕ್ ಹೊರಗೆ ಬರುವುದಿಲ್ಲ. ಪರದೆಯಲ್ಲಿ 'ಸಿಸ್ಟಮ್ ಫೈಲ್ ರೈಟಿಂಗ್' ಎಂದು ಇರುವಷ್ಟು ಹೊತ್ತು ಯಾವ ಹಾಡು ಎಲ್ಲಿದೆ ಎಂಬ ಪಟ್ಟಿಯನ್ನು ಅದು ಬರೆಯುತ್ತಿರುತ್ತದೆ. ಆಗ ಬ್ಯಾಟರಿ ಕಿತ್ತರೆ ಅಥವಾ ಯಂತ್ರಕ್ಕೆ ಏಟು ಬಿದ್ದರೆ ಅಷ್ಟೂ ರೆಕಾರ್ಡಿಂಗ್ ಹೋಯಿತೆಂದೇ ತಿಳಿಯಿರಿ.

ಮೈಕ್ ಪ್ರಿಆಂಪ್ (ಮೈಕ್‌ನ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಭಾಗ) ಈ ಗಾತ್ರದ ಯಂತ್ರಕ್ಕೆ ಆಶ್ಚರ್ಯವಾಗುವಷ್ಟು ಚೆನ್ನಾಗಿದೆ. ಪ್ಲಗ್-ಇನ್ ಪವರ್ (ಜ್ಯಾಕ್ ಮೂಲಕವೇ ಮೈಕ್‌ಗೆ ಕರೆಂಟ್) ಇರುವುದರಿಂದ ಸಣ್ಣ ಸ್ಟೀರಿಯೋ ಮೈಕ್ ನೇರವಾಗಿ ಓಡುತ್ತದೆ. ರೆಕಾರ್ಡಿಂಗ್ ಮಟ್ಟವನ್ನು ಯಂತ್ರವೇ ಹೊಂದಿಸುವ ಆಟೋ ಲೆವೆಲ್ ಮಾತ್ರ ಸಂಗೀತಕ್ಕೆ ಬೇಡ. ಮೃದಂಗದ ಒಂದು ಜೋರು ಪೆಟ್ಟಿಗೆ ಅದು ಲೆವೆಲ್ ಇಳಿಸಿ, ನಿಧಾನಕ್ಕೆ ಏರಿಸುತ್ತದೆ, ಆ ಉಬ್ಬರವಿಳಿತ ಗಾಯಕರ ಶ್ರುತಿಯ ಮೇಲೆಲ್ಲ ಕೇಳಿಸುತ್ತದೆ. ಮ್ಯಾನ್ಯುಯಲ್ ಇಟ್ಟು, ಜೋರಾದ ಪೆಟ್ಟು −12 ಡೆಸಿಬಲ್ ಸುತ್ತ ನಿಲ್ಲುವಂತೆ ಹೊಂದಿಸಿ.

ಯಕ್ಷಗಾನದ ಚಂಡೆಗೆ ಇದೂ ಸಾಲದು. ಲೆವೆಲ್ ಇಳಿಸಿದರೂ ಧ್ವನಿ ಒಡೆಯುತ್ತದೆ, ಯಾಕೆಂದರೆ ಒಡೆಯುವುದು ಲೆವೆಲ್ ಗುಂಡಿಗಿಂತ ಮುಂಚೆ ಬರುವ ಮೈಕ್ ಪ್ರಿಆಂಪ್‌ನಲ್ಲಿ. ಮೀಟರು ಕೆಳಗೇ ಇರುತ್ತದೆ, ಕೇಳಿದರೆ ಮಾತ್ರ ಚಂಡೆ ಹರಿದ ಬಟ್ಟೆಯಂತಿರುತ್ತದೆ. ಮೊದಲು ಮೆನುವಿನಲ್ಲಿ ಮೈಕ್ ಸೆನ್ಸಿಟಿವಿಟಿಯನ್ನು ಲೋ ಮಾಡಿ. ಅದಕ್ಕೂ ಬಗ್ಗದಿದ್ದರೆ ಮೈಕ್‌ಗೆ ಪ್ರತ್ಯೇಕ ಬ್ಯಾಟರಿ ಬಾಕ್ಸ್ ಹಾಕಿ ಲೈನ್-ಇನ್‌ಗೆ ಕೊಡಿ, ಪ್ರಿಆಂಪ್ ದಾರಿಯಲ್ಲಿ ಬರುವುದೇ ಇಲ್ಲ. ಅದೇ ಲೈನ್-ಇನ್ ಜ್ಯಾಕ್ ಆಪ್ಟಿಕಲ್ ಕೇಬಲನ್ನೂ ತೆಗೆದುಕೊಳ್ಳುತ್ತದೆ. ಆಪ್ಟಿಕಲ್ ಔಟ್ ಮಾತ್ರ ಕೊಟ್ಟಿಲ್ಲ, ಅದೊಂದು ಕೊರತೆಯೇ.

ಕಂಪ್ಯೂಟರಿಗೆ ಇಳಿಸುವುದು ಹೀಗೆ. ಸೋನಿಯ ತಂತ್ರಾಂಶ ಸಾನಿಕ್‌ಸ್ಟೇಜ್ 4.3 ಹಳೆಯ 32 ಬಿಟ್ ವಿಂಡೋಸ್‌ನಲ್ಲಿ ಸಲೀಸು. 64 ಬಿಟ್‌ನಲ್ಲಿ ಬಳಕೆದಾರರು ಸಿದ್ಧಪಡಿಸಿದ ಡ್ರೈವರ್ ಹಾಕಬೇಕು, ಹಾಕುವಾಗ ಡ್ರೈವರ್ ಸಹಿ ಪರಿಶೀಲನೆ ನಿಲ್ಲಿಸಬೇಕಾಗಬಹುದು. ಮೊದಲ ಕೆಲಸ, ಸೆಟ್ಟಿಂಗ್‌ನಲ್ಲಿ ಕಾಪಿ ಪ್ರೊಟೆಕ್ಷನ್ ಸೇರಿಸುವ ಗುರುತನ್ನು ತೆಗೆಯುವುದು. ಇಳಿಸಿದ ಕೂಡಲೇ ವೇವ್ ಆಗಿ ಉಳಿಸಿ, ಅದಾದ ಮೇಲಷ್ಟೇ ಡಿಸ್ಕ್ ಅಳಿಸುವ ಮಾತು. ವೆಬ್ ಮಿನಿಡಿಸ್ಕ್ ಪ್ರೋ ಎಂಬ ಮುಕ್ತ ತಂತ್ರಾಂಶ ಕ್ರೋಮ್‌ನಲ್ಲೇ ಓಡುತ್ತದೆ, ಫೈರ್‌ಫಾಕ್ಸ್‌ನಲ್ಲಿ ಓಡುವುದಿಲ್ಲ. ವಿಂಡೋಸ್‌ನಲ್ಲಾದರೆ ಝಾಡಿಗ್ ಎಂಬ ಸಣ್ಣ ತಂತ್ರಾಂಶ ಬಳಸಿ ವಿನ್‌ಯುಎಸ್‌ಬಿ ಡ್ರೈವರ್ ಹಾಕಬೇಕು. ಅದು ಎಸ್‌ಪಿ ಟ್ರ್ಯಾಕನ್ನು ಡಿಸ್ಕಿನಲ್ಲಿದ್ದ ಹಾಗೇ ಎಇಎ ಫೈಲ್ ಆಗಿ ಕೊಡುತ್ತದೆ, ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಅದನ್ನು ಬಿಡಿಸುತ್ತದೆ. ಸಂಗ್ರಹಕ್ಕೆ ನನ್ನ ಆಯ್ಕೆ ಇದೇ: ಮೂಲ ಎಇಎ ಒಂದು ಕಡೆ, ಕೇಳಲು ಫ್ಲ್ಯಾಕ್ (ನಷ್ಟವಿಲ್ಲದೆ ಹಿಂಡಿದ ಫೈಲ್) ಇನ್ನೊಂದು ಕಡೆ. ಒಂದು ಮಿತಿ ಇದೆ: ಹಿಂದೆ ಕಂಪ್ಯೂಟರಿನಿಂದಲೇ ನೆಟ್‌ಎಂಡಿ (ಯುಎಸ್‌ಬಿಯಿಂದ ಎಂಡಿಗೆ ಹಾಡು ಕಳಿಸುವ ಸೋನಿಯ ಪದ್ಧತಿ) ಮೂಲಕ ಡಿಸ್ಕಿಗೆ ಹಾಕಿದ ಹಾಡುಗಳನ್ನು ಸಾನಿಕ್‌ಸ್ಟೇಜ್ ವಾಪಸ್ ಇಳಿಸುವುದಿಲ್ಲ.

ಹೊಸಬರು ಹೆಚ್ಚಾಗಿ ಎಡವುವುದು ಎರಡು ಕಡೆ. ಹೈ-ಎಂಡಿ ಡಿಸ್ಕ್ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಥರ ಕಾಣುತ್ತದೆ, ಎಚ್‌ಎಂಡಿಹೈಫೈ ಎಂಬ ಫೋಲ್ಡರೂ ಇರುತ್ತದೆ. ಅದನ್ನು ಕಾಪಿ ಮಾಡಿಟ್ಟುಕೊಂಡರೆ ಬ್ಯಾಕಪ್ ಆಯಿತು ಎಂದುಕೊಳ್ಳಬೇಡಿ. ಒಳಗಿನ ಆಡಿಯೋ ಗೂಢಲಿಪಿಯಲ್ಲಿದೆ, ಅದರ ಬೀಗ ಆ ಡಿಸ್ಕಿಗೇ ಕಟ್ಟಿದೆ. ಇನ್ನೊಂದು, ಯಂತ್ರದ ಡಿಸ್ಕ್ ಮೋಡ್ ಹೈ-ಎಂಡಿಯಲ್ಲಿದ್ದರೆ ಖಾಲಿ 80 ನಿಮಿಷದ ಎಂಡಿಯೂ ಹೈ-ಎಂಡಿ ಆಗಿಬಿಡುತ್ತದೆ, ಆಮೇಲೆ ಹಳೆಯ ಡೆಕ್‌ನಲ್ಲಿ ಓಡುವುದಿಲ್ಲ. ರೆಕಾರ್ಡಿಂಗ್ ಇರುವ ಡಿಸ್ಕಿಗೆ ಈ ಭಯವಿಲ್ಲ.

ಕಾಲ ಕಳೆದಂತೆ ಮೊದಲು ಕೈಕೊಡುವುದು ಪಕ್ಕದಲ್ಲಿರುವ ಒಎಲ್‌ಇಡಿ ಪರದೆ. ಉರಿದಷ್ಟೂ ಅದು ಮಸುಕಾಗುತ್ತದೆ, ಬಿಸಿಲಲ್ಲಿ ಏನೂ ಕಾಣದ ಸ್ಥಿತಿಗೆ ಬರುತ್ತದೆ. ಎಲ್‌ಸಿಡಿ ಇರುವ ಆರ್‌ಎಂ-ಎಂಸಿ40ಇಎಲ್‌ಕೆ ರಿಮೋಟ್ ಜೊತೆಗಿದ್ದರೆ ಈ ಚಿಂತೆ ಅರ್ಧ ಇಳಿಯುತ್ತದೆ. ಆದ್ದರಿಂದ ರಿಮೋಟ್ ಸಹಿತ ಸೆಟ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ಸರಿ. ಎಲ್‌ಐಪಿ-4ಡಬ್ಲ್ಯುಎಂ ಎಂಬ 3.7 ವೋಲ್ಟಿನ ಚಪ್ಪಟೆ ಬ್ಯಾಟರಿ ಊದಿಕೊಂಡರೆ ಗೂಡಿನಲ್ಲೇ ಸಿಕ್ಕಿಕೊಳ್ಳುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್‌ನಲ್ಲಿ ಹೊರಗೆ ತೆಗೆದಿಡಿ.

ಕೊಳ್ಳುವಾಗ 'ಪ್ಲೇ ಆಗುತ್ತದೆ' ಎಂಬ ಮಾತಿಗೆ ಒಪ್ಪಬೇಡಿ. ಎಂಡಿ ಬರೆಯುವಾಗ ಕೆಳಗಿನಿಂದ ಲೇಸರ್ ಪದರವನ್ನು ಕಾಯಿಸುತ್ತದೆ, ಮೇಲಿನಿಂದ ಒಂದು ಪುಟ್ಟ ಕಾಂತೀಯ ಹೆಡ್ ಇಳಿದು ಅದರ ಕಾಂತದ ದಿಕ್ಕು ಬದಲಿಸುತ್ತದೆ. ಆ ಹೆಡ್‌ನ ತೋಳು ಬಾಗಿದ್ದರೂ, ಅದರ ತೆಳು ಕೇಬಲ್ ತುಂಡಾಗಿದ್ದರೂ ಪ್ಲೇ ಮಾಡಲು ಅಡ್ಡಿಯಿಲ್ಲ, ಓದುವುದಕ್ಕೆ ಲೇಸರ್ ಒಂದೇ ಸಾಕು. ಬರೆದದ್ದು ಮಾತ್ರ ಖಾಲಿ ಅಥವಾ ಬರೀ ಗರಗರ ಸದ್ದು. ಆದ್ದರಿಂದ ಮಾರುವವರ ಎದುರಲ್ಲೇ ಐದು ನಿಮಿಷ ಪಿಸಿಎಂನಲ್ಲಿ ರೆಕಾರ್ಡ್ ಮಾಡಿ, ಡಿಸ್ಕ್ ಹೊರತೆಗೆದು ಮತ್ತೆ ಹಾಕಿ ಪೂರ್ತಿ ಕೇಳಿ. ಆಮೇಲೆ 1 ಜಿಬಿ ಡಿಸ್ಕಿನಲ್ಲೂ ಅದನ್ನೇ ಮಾಡಿ. ಅದರ ಗುರುತುಗಳು ಎಷ್ಟೋ ಸಣ್ಣವಾದ್ದರಿಂದ, ಮಂಕಾದ ಲೇಸರ್ ಹಳೆಯ ಎಂಡಿಯನ್ನು ಓದಿಬಿಟ್ಟು ಇದರಲ್ಲಿ ತಡವರಿಸುತ್ತದೆ.