ಬೇಸಿಗೆಯಲ್ಲಿ ಚಿತ್ರದುರ್ಗಕ್ಕೆ ಒಬ್ಬರೇ ಹೊರಡುವವರ ಗಮನಕ್ಕೆ

ಏಪ್ರಿಲ್, ಮೇ ತಿಂಗಳಲ್ಲಿ ಚಿತ್ರದುರ್ಗದ ಲಾಡ್ಜುಗಳು ಖಾಲಿ ಇರುತ್ತವೆ, ದರ ಇಳಿದಿರುತ್ತದೆ, ಕೋಟೆಯಲ್ಲಿ ಶಾಲಾ ಪ್ರವಾಸದ ಗದ್ದಲ ಇರುವುದಿಲ್ಲ ಎಂಬ ಲೆಕ್ಕಾಚಾರದಲ್ಲಿ ದಿಢೀರನೆ ಬ್ಯಾಗು ಹೆಗಲಿಗೇರಿಸಿ ಹೊರಡುವವರು, ಅದರಲ್ಲೂ ಒಂಟಿಯಾಗಿ ಹೊರಡುವ ಹೆಣ್ಣುಮಕ್ಕಳು, ಇದನ್ನು ಒಮ್ಮೆ ಓದಿಕೊಂಡು ಹೊರಡುವುದು ಒಳ್ಳೆಯದು. ಆ ಲೆಕ್ಕಾಚಾರ ಸುಳ್ಳೇನಲ್ಲ. ಆದರೆ ಜನರಿಲ್ಲದ ಕಾಲದಲ್ಲಿ ಒಂಟಿ ಪ್ರವಾಸಿಯೊಂದಿಗೆ ಯಾರು ಹೇಗೆ ನಡೆದುಕೊಂಡರೂ ಕೇಳುವವರಿರುವುದಿಲ್ಲ ಎಂಬುದನ್ನು ಕಳೆದ ಬೇಸಿಗೆಯಲ್ಲಿ ನಾನು ಅನುಭವಿಸಿ ತಿಳಿದೆ.

ಶಿವಮೊಗ್ಗದಿಂದ ಹೊಳಲ್ಕೆರೆ ಮಾರ್ಗವಾಗಿ ಬಸ್ಸಿನಲ್ಲಿ ಬರುತ್ತಿರುವಾಗಲೇ ಮೊಬೈಲ್ ಆ್ಯಪಿನ ಮೂಲಕ ಬಸ್ ನಿಲ್ದಾಣಕ್ಕೆ ಹತ್ತಿರದ ಲಾಡ್ಜೊಂದರಲ್ಲಿ ಕೊಠಡಿ ಕಾಯ್ದಿರಿಸಿ, ಪೂರ್ತಿ ಬಾಡಿಗೆಯನ್ನು ಯುಪಿಐನಲ್ಲಿ ಕಟ್ಟಿದ್ದೆ. ಕತ್ತಲಾಗುವ ಹೊತ್ತಿಗೆ ಅಲ್ಲಿಗೆ ತಲುಪಿದಾಗ ಕೌಂಟರಿನಲ್ಲಿದ್ದ ಹುಡುಗ ನನ್ನ ಆಧಾರ್ ಕಾರ್ಡು ಪಡೆದು, ಲೆಡ್ಜರಿನಲ್ಲಿ ಏನನ್ನೂ ಬರೆದುಕೊಳ್ಳದೆ, ತನ್ನದೇ ಮೊಬೈಲಿನಲ್ಲಿ ಅದರ ಎರಡೂ ಬದಿಯ ಫೋಟೋ ತೆಗೆದುಕೊಂಡ. ಆಮೇಲೆ ನನ್ನ ಬೆನ್ನ ಹಿಂದಿನ ಬಾಗಿಲಿನತ್ತ ನೋಡಿ, "ಜೊತೆಗೆ ಯಾರೂ ಬಂದಿಲ್ವಾ ಮೇಡಂ?" ಎಂದು ಕೇಳಿದ. ಇಲ್ಲವೆಂದೆ. "ಸಿಂಗಲ್ ಲೇಡೀಸ್‌ಗೆ ರೂಮ್ ಕೊಡಬೇಡ ಅಂತ ಓನರ್ ಹೇಳಿದಾರೆ" ಎಂದ. ಹಣ ಕಟ್ಟಿರುವ ರಸೀದಿ ತೋರಿಸಿದಾಗ ಮಾತು ಬದಲಾಗಿ, ಆನ್‌ಲೈನ್ ಬುಕಿಂಗ್ ತಮಗೆ ಬಂದೇ ಇಲ್ಲವೆಂದ. ಅವನ ಹಿಂದೆ ಮೊಳೆಗಳಿಗೆ ತೂಗುಹಾಕಿದ್ದ ಕೀಲಿಕೈಗಳ ಸಾಲಿನಲ್ಲಿ ಒಂದೆರಡು ಮೊಳೆಗಳಷ್ಟೇ ಖಾಲಿ ಇದ್ದವು. ನಾನು ಅಲ್ಲಿಂದ ಕದಲದಿದ್ದುದನ್ನು ಕಂಡು, "ಎಸಿ ರೂಮ್ ತಗೊಂಡು ಕ್ಯಾಶ್ ಕೊಡೋದಾದ್ರೆ ಓನರ್‌ಗೆ ಒಂದು ಮಾತು ಕೇಳ್ತೀನಿ" ಎಂದ. ಕೇಳಿದ ಮೊತ್ತ ಆ್ಯಪಿನ ದರದ ಎರಡು ಪಟ್ಟಿಗಿಂತ ಹೆಚ್ಚಿತ್ತು. ಒಂಟಿ ಹೆಂಗಸಿಗೆ ಕೊಠಡಿ ಕೊಡಬಾರದೆಂಬ ನಿಯಮ ನಗದು ಕಂಡೊಡನೆ ಸಡಿಲವಾಗುವುದಾದರೆ ಅದು ನಿಯಮವಲ್ಲ, ವ್ಯಾಪಾರ. ವಯಸ್ಕರೊಬ್ಬರು ಒಂಟಿಯಾಗಿ ಲಾಡ್ಜಿನಲ್ಲಿ ತಂಗಬಾರದೆಂದು ಹೇಳುವ ಕಾನೂನು ನಮ್ಮಲ್ಲಿ ಯಾವುದೂ ಇಲ್ಲ.

ಆಧಾರ್ ಫೋಟೋವನ್ನು ಅವನ ಮೊಬೈಲಿನಿಂದ ನನ್ನೆದುರೇ ಅಳಿಸಿಹಾಕಿಸಿ, ಆಟೋ ಹಿಡಿದು ಕೋಟೆಯ ಬಳಿ ಇರುವ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲಿಗೆ ಹೋದೆ. ಅಲ್ಲಿ ಯಾರೂ ಜೊತೆಗಾರರ ವಿಚಾರ ಎತ್ತಲಿಲ್ಲ. ಬೆಳಿಗ್ಗೆ ಆ್ಯಪ್ ತೆರೆದರೆ ನನ್ನ ಹೆಸರಿನ ಮುಂದೆ 'ನೋ ಶೋ' ಎಂದು ನಮೂದಾಗಿತ್ತು. ಗ್ರಾಹಕ ಬರಲೇ ಇಲ್ಲವೆಂದು ಲಾಡ್ಜಿನವರು ದಾಖಲಿಸಿಬಿಟ್ಟರೆ ತಪ್ಪು ಗ್ರಾಹಕನದಾಗುತ್ತದೆ, ಹಣ ವಾಪಸು ಬರುವ ದಾರಿ ಅಲ್ಲಿಗೆ ಮುಚ್ಚುತ್ತದೆ. ಕೊಠಡಿಗಳು ತುಂಬಿ ತುಳುಕುವ ಕಾಲದಲ್ಲಾದರೆ ಕೌಂಟರಿನ ಮುಂದೆ ಇನ್ನೂ ನಾಲ್ಕು ಜನ ನಿಂತಿರುತ್ತಾರೆ, ಜಗಳ ನಾಲ್ಕು ಕಿವಿಗೆ ಬೀಳುತ್ತದೆ. ಆ ಸಂಜೆ ಅಲ್ಲಿದ್ದವರು ನಾನು ಮತ್ತು ಆ ಹುಡುಗ ಮಾತ್ರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಅರ್ಧ ಹಣ ಮರಳಿತು. ಲಾಡ್ಜಿನ ಬಾಗಿಲಲ್ಲೇ ನಿಂತು ಆ್ಯಪಿನ ಗ್ರಾಹಕ ಸೇವೆಗೆ ಕರೆ ಮಾಡಿದ ದಾಖಲೆಯಾಗಲಿ, ನಾಮಫಲಕದೊಂದಿಗೆ ಸಮಯ ಕಾಣುವ ಒಂದು ಫೋಟೋವಾಗಲಿ ಇದ್ದರೆ ನಿಮ್ಮ ದೂರು ಇನ್ನೂ ಗಟ್ಟಿಯಾಗಿರುತ್ತದೆ. ಅದಕ್ಕಿಂತ ಮೊದಲು, ಹಣ ಕಟ್ಟುವ ಮುನ್ನ ಲಾಡ್ಜಿಗೇ ಫೋನು ಮಾಡಿ ಒಬ್ಬರಿಗೆ ಕೊಠಡಿ ಕೊಡುತ್ತಾರೆಯೇ ಎಂದು ಬಾಯಿಬಿಟ್ಟು ಕೇಳಿ, ಉತ್ತರ ಕೊಟ್ಟವರ ಹೆಸರು ಬರೆದಿಟ್ಟುಕೊಳ್ಳಿ. ತಲುಪಿದ ಮೇಲೆ ಹಣ ಕೊಡುವ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಗುರುತಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐ ಜಾಲತಾಣದಿಂದ ಅದನ್ನು ಪುಕ್ಕಟೆ ಇಳಿಸಿಕೊಳ್ಳಬಹುದು.

ಕೋಟೆಯಲ್ಲೂ ಇದೇ ಕಥೆಯ ಚಿಕ್ಕ ಆವೃತ್ತಿ. ಬಾಗಿಲು ದಾಟುತ್ತಿದ್ದಂತೆ ಗುರುತಿನ ಚೀಟಿ ಇಲ್ಲದ ಒಬ್ಬಾತ ಜೊತೆಯಾಗಿ, ಕೇಳದಿದ್ದರೂ ಮದ್ದು ಬೀಸುವ ಕಲ್ಲುಗಳ ವಿವರಣೆ ಶುರುಮಾಡಿದ. ವೃತ್ತಾಕಾರದ ಗುಂಡಿಯಲ್ಲಿ ಎದುರುಬದುರಾಗಿ ನಿಂತ ಆ ದೈತ್ಯ ಬೀಸುಗಲ್ಲುಗಳನ್ನು ನೋಡಲು ಯಾರ ವಿವರಣೆಯೂ ಬೇಕಿರಲಿಲ್ಲ. ಬೇಡವೆಂದರೂ ಒನಕೆ ಓಬವ್ವನ ಕಿಂಡಿಯವರೆಗೆ ಹಿಂಬಾಲಿಸಿ, ಆಚೀಚೆ ಯಾರೂ ಇಲ್ಲದ ಆ ಜಾಗದಲ್ಲಿ ಬಾಯಿಗೆ ಬಂದ ಮೊತ್ತ ಕೇಳಿದ. ಕೊಟ್ಟು ಕಳಿಸಿದೆ, ಆ ಸ್ಥಳದಲ್ಲಿ ವಾದ ಮಾಡುವ ಧೈರ್ಯ ಯಾರಿಗೂ ಬರಲಾರದು. ಮಾರ್ಗದರ್ಶಿ ಬೇಕಿದ್ದರೆ ಟಿಕೆಟ್ ಕೌಂಟರಿನ ಬಳಿಯೇ ಗುರುತಿನ ಚೀಟಿ ನೋಡಿ, ದರ ಮಾತಾಡಿಕೊಂಡು ಒಳಗೆ ಹೋಗಿ. ತೊಂದರೆಯಾದರೆ 112.

ಬಿಸಿಲಿನ ಬಗ್ಗೆ ಹೇಳದೆ ಇರಲಾಗದು. ಏಪ್ರಿಲಿನಲ್ಲಿ ಇಲ್ಲಿ ಉಷ್ಣಾಂಶ 38 ಡಿಗ್ರಿ ಮುಟ್ಟುವುದು ಅಪರೂಪವಲ್ಲ, ಅದರ ಮೇಲೆ ಕಾದ ಹೆಬ್ಬಂಡೆಗಳ ಝಳ ಬೇರೆ. ಹಿಡಿಂಬೇಶ್ವರ, ಏಕನಾಥೇಶ್ವರಿ ಗುಡಿಗಳ ಕಡೆ ಏರುವಾಗ ನೆರಳು ಸಿಗುವುದು ಅಲ್ಲಲ್ಲಿ ಮಾತ್ರ. ತಲೆ ಸುತ್ತಿ ಕೂತರೆ ನೀರು ಕೊಡಲು ಇನ್ನೊಬ್ಬ ಪ್ರವಾಸಿ ಆ ದಾರಿಯಲ್ಲಿ ಯಾವಾಗ ಬಂದಾನು ಎಂದು ಹೇಳಲಾಗದು. ಬೆಳಗಿನ ಜಾವವೇ ಹತ್ತಿ, ಹತ್ತು ಗಂಟೆಯೊಳಗೆ ಇಳಿಯುವಂತೆ ನೋಡಿಕೊಳ್ಳಿ; ನೀರನ್ನು ಕೆಳಗಿನಿಂದಲೇ ಒಯ್ಯಿರಿ, ಕೋತಿಗಳಿಗೆ ಕಾಣುವಂತೆ ತಿಂಡಿ ಮಾತ್ರ ಬೇಡ.

ಬೆಂಗಳೂರು–ಹುಬ್ಬಳ್ಳಿ ಮುಖ್ಯ ರೈಲು ಮಾರ್ಗ ದಾವಣಗೆರೆಯನ್ನು ಮುಟ್ಟುತ್ತದೆಯೇ ಹೊರತು ಚಿತ್ರದುರ್ಗವನ್ನಲ್ಲ. ದುರ್ಗ ಇರುವುದು ಚಿಕ್ಕಜಾಜೂರಿನಿಂದ ಕವಲೊಡೆಯುವ ಮಾರ್ಗದಲ್ಲಿ, ಅಲ್ಲಿ ರೈಲುಗಳು ಕಡಿಮೆ. ಹಾಗಾಗಿ ಬಹುತೇಕ ಬಸ್ಸೇ ಗತಿ. ದೂರದೂರಿನ ಕೆಲವು ಬಸ್ಸುಗಳು ರಾತ್ರಿ ಊರೊಳಗೆ ಬಾರದೆ ಹೆದ್ದಾರಿಯ ಬೈಪಾಸಿನಲ್ಲೇ ಇಳಿಸಿ ಹೋಗುತ್ತವೆ. ಬಸ್ಸು ನಿಲ್ದಾಣದೊಳಗೆ ಹೋಗುತ್ತದೆಯೇ ಎಂಬುದನ್ನು ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿಕೊಳ್ಳಿ. ಬೈಪಾಸ್ ಎಂದರೆ ಮುಂದಿನ ಬಸ್ಸಿಗೆ ಕಾಯಿರಿ.