ಫಂಙಾ ಕೊಲ್ಲಿ: ದೊಡ್ಡ ಬೋಟು, ಸಣ್ಣ ಗುಂಪು, ಬಾಡಿಗೆ ದೋಣಿ – ಮೂರನ್ನೂ ಹತ್ತಿ ನೋಡಿದ್ದು

ಭಾವ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. "ಒಂದೂವರೆ ಸಾವಿರ ಬಾತ್ ಕೊಟ್ಟರೂ ಅದೇ ಗುಡ್ಡ, ನಾಲ್ಕು ಸಾವಿರ ಕೊಟ್ಟರೂ ಅದೇ ಗುಡ್ಡ. ಮತ್ತೆ ಜಾಸ್ತಿ ಯಾಕೆ ಕೊಡಬೇಕು?" ಫುಕೆಟ್‌ಗೆ ಹೋಗುವವರೆಲ್ಲ ಟೂರ್ ಅಂಗಡಿಯ ಮುಂದೆ ನಿಂತು ಕೇಳುವ ಪ್ರಶ್ನೆ ಇದು. ನಾನು ಎರಡು ಪ್ರವಾಸದಲ್ಲಿ ಮೂರು ಥರದಲ್ಲಿ ಆ ಕೊಲ್ಲಿ ಸುತ್ತಿದ್ದೇನೆ. ಹಾಗಾಗಿ ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಜಾಗದ ಬಗ್ಗೆ. ಫುಕೆಟ್ ದ್ವೀಪಕ್ಕೂ ಥಾಯ್ಲೆಂಡಿನ ಮುಖ್ಯ ನೆಲಕ್ಕೂ ನಡುವೆ ಇರುವ ಕೊಲ್ಲಿ ಫಂಙಾ. (ಒಂದನೇ ಕ್ಲಾಸಿನಲ್ಲಿ ಕಲಿತ 'ಙ' ಅಕ್ಷರ ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.) ನಾನು ಕುಮಟಾ ಕಡೆಯವನು, ಅದಕ್ಕೇ ನನಗೆ ಹೇಳಲು ಸುಲಭ: ಯಾಣದ ಬಂಡೆಗಳನ್ನು ಕಿತ್ತು ತಂದು, ಅಘನಾಶಿನಿ ಅಳಿವೆಯಂಥ ಹಸಿರು ನೀರಿನಲ್ಲಿ ಅಲ್ಲೊಂದು ಇಲ್ಲೊಂದು ನೆಟ್ಟರೆ ಹೇಗಿರುತ್ತದೋ ಹಾಗಿದೆ. ಎಲ್ಲ ಸುಣ್ಣದ ಕಲ್ಲಿನ ಗುಡ್ಡಗಳು, ನೀರಿನಿಂದ ಸೀದಾ ಮೇಲೆದ್ದಿವೆ. ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. 1981ರಿಂದ ಇದು ರಾಷ್ಟ್ರೀಯ ಉದ್ಯಾನ. 2002ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ನಮ್ಮ ಅಘನಾಶಿನಿ ಅಳಿವೆ ಅದೇ ಪಟ್ಟಿಗೆ ಸೇರಿದ್ದು 2024ರಲ್ಲಿ, ಅಂದರೆ ನಾವು ಈ ವಿಷಯದಲ್ಲಿ ಅವರಿಗಿಂತ ಇಪ್ಪತ್ತೆರಡು ವರ್ಷ ಕಿರಿಯರು.

ಮೊದಲ ಸಲ ಹೋದದ್ದು ಆಫೀಸಿನ ಗೆಳೆಯರ ಜೊತೆ, ಐದು ಜನ. ಬೀಚಿನ ಹತ್ತಿರದ ಅಂಗಡಿಯಲ್ಲಿ ಚೌಕಾಸಿ ಮಾಡಿ ತಲೆಗೆ ಸುಮಾರು 1500 ಬಾತ್‌ಗೆ ದೊಡ್ಡ ಬೋಟಿನ ಟೂರ್ ಹಿಡಿದೆವು. ಎರಡು ಮಹಡಿಯ ಬೋಟು, ನಲವತ್ತಕ್ಕೂ ಹೆಚ್ಚು ಜನ. ಬೆಳಗ್ಗೆ ವ್ಯಾನು ಬಂತು, ಆರು ಹೋಟೆಲ್ ಸುತ್ತಿತು, ಜೆಟ್ಟಿ ಮುಟ್ಟುವಾಗ ಹತ್ತು ಗಂಟೆ ದಾಟಿತ್ತು. ಬೋಟು ಹತ್ತುವ ಮೊದಲೇ ಯಾರೋ ಒಬ್ಬ ಎಲ್ಲರ ಫೋಟೋ ತೆಗೆದ. ಯಾಕೆ ಅಂತ ಸಂಜೆ ವಾಪಸು ಬಂದಾಗ ಗೊತ್ತಾಯಿತು. ನಮ್ಮ ಬೆವರಿದ ಮುಖಗಳನ್ನು ಪಿಂಗಾಣಿ ತಟ್ಟೆಯ ಮೇಲೆ ಅಚ್ಚು ಹಾಕಿಸಿ ಸಾಲಾಗಿ ಜೋಡಿಸಿಟ್ಟಿದ್ದರು. ನಾನು ತಗೊಳ್ಳಲಿಲ್ಲ. ಈಗಲೂ ಯಾವುದೋ ಮೂಲೆಯಲ್ಲಿ ನನ್ನ ತಟ್ಟೆ ಬಿದ್ದಿರಬೇಕು.

ಬೋಟು ಆರಾಮಾಗಿತ್ತು, ಸುಳ್ಳು ಹೇಳಬಾರದು. ನೆರಳು, ಶೌಚಾಲಯ, ಎಷ್ಟು ಬೇಕೋ ಅಷ್ಟು ಕಲ್ಲಂಗಡಿ ಹಣ್ಣು, ಕುಡಿಯಲು ತಣ್ಣಗಿನ ನೀರು. ತೊಂದರೆ ಶುರುವಾದದ್ದು ಕನೂ ಹತ್ತುವ ಜಾಗದಲ್ಲಿ. ಕನೂ ಅಂದರೆ ನಮ್ಮ ಪಾತಿ ದೋಣಿಯ ಹಾಗೆಯೇ, ಆದರೆ ಇಲ್ಲಿಯದು ಗಾಳಿ ತುಂಬಿದ ರಬ್ಬರಿನದು. ಮುಂದೆ ಇಬ್ಬರು ಪ್ರವಾಸಿಗಳು, ಹಿಂದೆ ಹುಟ್ಟು ಹಾಕುವ ಒಬ್ಬ ಸ್ಥಳೀಯ ಹುಡುಗ. ನಮ್ಮದರ ಜೊತೆಗೇ ಇನ್ನೂ ಏಳೆಂಟು ದೊಡ್ಡ ಬೋಟು ಬಂದು ನಿಂತಿದ್ದವು, ಎಲ್ಲದರಿಂದಲೂ ಕನೂ ಇಳಿಯುತ್ತಿದ್ದವು. ಜಾತ್ರೆಯಲ್ಲಿ ತೇರಿನ ಬೀದಿಗೆ ಕಾರು ಬಿಟ್ಟ ಹಾಗೆ. ಗುಹೆಯ ಬಾಯಿಯಲ್ಲಿ ಕ್ಯೂ. ಅಷ್ಟರಲ್ಲಿ ನಮ್ಮ ಹುಡುಗ ನೀರು ನೋಡಿ ಕೈಯಾಡಿಸಿದ, "ಹೈ ವಾಟರ್, ಕ್ಲೋಸ್ಡ್." ಗುಡ್ಡದ ಸುತ್ತ ಹೊರಗಿನಿಂದ ಇಪ್ಪತ್ತು ನಿಮಿಷ ಸುತ್ತಿಸಿ, 100 ಬಾತ್ ಟಿಪ್ಸ್ ಕೇಳಿ, ವಾಪಸು ತಂದು ಬಿಟ್ಟ. ಆಗ ನಮಗೆ ಅದೇ ದೊಡ್ಡ ಸಾಹಸ ಅನಿಸಿತ್ತು! ಏನು ತಪ್ಪಿಹೋಯಿತು ಅಂತ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಆಮೇಲೆ ಜೇಮ್ಸ್ ಬಾಂಡ್ ದ್ವೀಪ. ಅದರ ನಿಜ ಹೆಸರು ಖಾವ್ ಫಿಂಗ್ ಕಾನ್, ಒಂದಕ್ಕೊಂದು ಒರಗಿದ ಗುಡ್ಡಗಳು ಅಂತ ಅರ್ಥ. 1974ರಲ್ಲಿ ಬಂದ ಬಾಂಡ್ ಸಿನಿಮಾದಲ್ಲಿ ಕಾಣಿಸಿಕೊಂಡು ಈ ಹೆಸರು ಅಂಟಿಕೊಂಡಿತು. ಎದುರಿಗೆ ನೀರಲ್ಲಿ ನಿಂತಿರುವ ಕಲ್ಲಿನ ಮೊಳೆ ಕೋ ತಾಪು, ಸುಮಾರು 20 ಮೀಟರ್ ಎತ್ತರ, ಬುಡ ಸಪೂರ, ತಲೆ ದಪ್ಪ. ಬುಡ ಸವೆಯುತ್ತಿದೆ ಅಂತ 1998ರಿಂದ ಬೋಟುಗಳನ್ನು ಅದರ ಹತ್ತಿರ ಬಿಡುವುದಿಲ್ಲ. ಅಂದರೆ 1500 ಕೊಟ್ಟವನೂ 4000 ಕೊಟ್ಟವನೂ ಅದನ್ನು ನೋಡುವುದು ದಡದಲ್ಲಿ ನಿಂತೇ, ಮುತ್ತಿನ ಸರ ಮಾರುವವರ ನಡುವೆ. ಈ ಫೋಟೋ ಒಂದೇ ಸಾಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಿ ದೊಡ್ಡ ಬೋಟು ಹಿಡಿಯಬಹುದು, ನಿಜವಾಗಿಯೂ.

ಎರಡನೇ ಸಲ ಮನೆಯವರ ಜೊತೆ ಹೋದೆ. ನಾನು, ಹೆಂಡತಿ, ಆಯಿ (ಅಮ್ಮ). ಆಯಿಗೆ ಅರವತ್ತೆಂಟು, ಮಂಡಿ ನೋವು ಬೇರೆ. ಈ ಸಲ ಸಣ್ಣ ಗುಂಪಿನ ಟೂರ್ ಹಿಡಿದೆ, ಒಬ್ಬರಿಗೆ ಸುಮಾರು 4000 ಬಾತ್. ಒಂದು ಬಾತ್‌ಗೆ ಎರಡೂವರೆ ರೂಪಾಯಿ ಅಂತ ಲೆಕ್ಕ ಹಾಕಿದರೂ ಮೂವರಿಗೆ ಮೂವತ್ತು ಸಾವಿರ. ನಮ್ಮ ಕಡೆ 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಅಂತ ಒಂದು ಮಾತಿದೆ. ಇಲ್ಲಿ ಸೊಕ್ಕೂ ಬೇಕು, ರೊಕ್ಕವೂ ಬೇಕು.

ಮೊದಲ ವ್ಯತ್ಯಾಸ ಹೊರಡುವ ಹೊತ್ತಿನಲ್ಲೇ ಕಂಡಿತು. ಇವರು ಕರೆದೊಯ್ಯಲು ಬಂದದ್ದು ಮಧ್ಯಾಹ್ನ. ಫುಕೆಟ್‌ನ ಈಶಾನ್ಯಕ್ಕಿರುವ ಆವೊ ಪೋ ಜೆಟ್ಟಿಯಿಂದ ಹೊರಟೆವು, ಒಟ್ಟು ಹನ್ನೆರಡು ಜನ. ಬೆಳಗಿನ ಬೋಟುಗಳೆಲ್ಲ ಆಗಲೇ ವಾಪಸು ಬರುತ್ತಿದ್ದವು. ಗೈಡ್ ಕೈಯಲ್ಲಿ ಉಬ್ಬರ ಇಳಿತದ ಪಟ್ಟಿ ಇತ್ತು. ಅವನು ಜೇಮ್ಸ್ ಬಾಂಡ್ ಹೆಸರನ್ನೂ ಎತ್ತಲಿಲ್ಲ, ನೇರ ಕೋ ಪನಾಕ್ ದ್ವೀಪದ ಕಡೆ ಬಿಟ್ಟ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಭಾವನ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಈ ಗುಡ್ಡಗಳಲ್ಲಿ ಕೆಲವು ಒಳಗೆ ಟೊಳ್ಳು. ಹಿಂದೆ ಗುಹೆಗಳಿದ್ದವು, ಮಾಡು ಕುಸಿದು ಬಿತ್ತು, ಒಳಗೆ ಆಕಾಶಕ್ಕೆ ತೆರೆದ ಅಂಗಳ ಆಯಿತು. ನಮ್ಮ ಹಳೆಯ ತೊಟ್ಟಿ ಮನೆಯ ಹಾಗೆ, ಸುತ್ತ ಗೋಡೆ ಮಾತ್ರ ನೂರಾರು ಅಡಿ. ಥಾಯ್ ಭಾಷೆಯಲ್ಲಿ ಇದಕ್ಕೆ ಹಾಂಗ್ ಅಂತಾರೆ, ಅಂದರೆ ಕೋಣೆ. ಈ ಕೋಣೆಗೆ ಬಾಗಿಲು ಅಂದರೆ ಗುಡ್ಡದ ಬುಡದಲ್ಲಿರುವ ಸುರಂಗ, ಸಮುದ್ರದ ನೀರು ಓಡಾಡುವ ದಾರಿ. ನೀರು ಏರಿದರೆ ಸುರಂಗದ ಮಾಡು ಮುಳುಗಿ ಬಾಗಿಲು ಮುಚ್ಚುತ್ತದೆ. ಪೂರ್ತಿ ಇಳಿದರೆ ಕೆಸರು, ಕಲ್ಲು, ದೋಣಿ ತೇಲುವುದಿಲ್ಲ. ಎರಡರ ನಡುವೆ ಸ್ವಲ್ಪ ಹೊತ್ತು ಮಾತ್ರ ದಾರಿ ತೆರೆದಿರುತ್ತದೆ, ಆ ಹೊತ್ತು ದಿನಾ ಮುಕ್ಕಾಲು ಗಂಟೆಗೂ ಹೆಚ್ಚು ಮುಂದೆ ಹೋಗುತ್ತದೆ. ದೊಡ್ಡ ಬೋಟು ಹೊರಡುವುದು ಹೋಟೆಲ್ ವ್ಯಾನಿನ ಟೈಮಿಗೆ. ಸಣ್ಣ ಬೋಟು ಹೊರಡುವುದು ನೀರಿನ ಟೈಮಿಗೆ. ಮಿಕ್ಕ 2500 ಬಾತ್ ಹೋಗುವುದು ಮುಖ್ಯವಾಗಿ ಇದಕ್ಕೇ. ಮೊದಲ ಸಲ ನಮಗೆ ಕ್ಲೋಸ್ಡ್ ಅಂದದ್ದರಲ್ಲಿ ಆ ಹುಡುಗನ ತಪ್ಪೇನೂ ಇರಲಿಲ್ಲ. ನಾವು ಬಂದದ್ದೇ ತಪ್ಪು ಹೊತ್ತಿಗೆ.

ನಮ್ಮ ಕನೂ ಒಳಗೆ ಹೋಯಿತು. ಗೈಡ್ ತಲೆಗೆ ಕಟ್ಟಿದ ಟಾರ್ಚ್ ಹಚ್ಚಿದ. ಮೊದಲು ಬಾವಲಿಗಳ ವಾಸನೆ, ಹಳೆಯ ದೇವಸ್ಥಾನದ ಗರ್ಭಗುಡಿಯ ಹಿಂದೆ ಬರುತ್ತದಲ್ಲ, ಅದೇ. ಆಮೇಲೆ ಮಾಡು ಇಳಿಯುತ್ತಾ ಬಂತು. "ಮಲ್ಕೊಳ್ಳಿ" ಅಂತ ಸನ್ನೆ ಮಾಡಿದ. ಅಂಗಾತ ಮಲಗಿದೆವು. ಮೂಗಿನಿಂದ ಒಂದು ಗೇಣು ಮೇಲೆ ಕಲ್ಲು, ಕಲ್ಲಿನ ತುಂಬ ಸಿಂಪಿಯ ಚಿಪ್ಪು, ಬ್ಲೇಡಿನಷ್ಟು ಹರಿತ. ಕೈ ಹೊರಗೆ ಹಾಕಿದರೆ ಗ್ಯಾರಂಟಿ ರಕ್ತ. ಒಂದು ಕಡೆ ಆಗಲೂ ಜಾಗ ಸಾಲಲಿಲ್ಲ, ಅವನು ಕನೂವಿನ ವಾಲ್ವ್ ತೆಗೆದು ಸ್ವಲ್ಪ ಗಾಳಿ ಬಿಟ್ಟ, ದೋಣಿ ಎರಡು ಇಂಚು ತಗ್ಗಿತು, ನುಸುಳಿತು. ಆಯಿ ಏನೂ ಮಾತಾಡಲಿಲ್ಲ. ರಾಮ ರಾಮ ಅನ್ನುವುದು ಮಾತ್ರ ಹಿಂದಿನ ಕನೂವಿನಿಂದ ಕೇಳುತ್ತಿತ್ತು.

ಹೊರಗೆ ಬಂದರೆ ಬೆಳಕು. ಸುತ್ತ ಗೋಡೆ, ಗೋಡೆಗೆ ಜೋತುಬಿದ್ದ ಮರಗಳು, ನಡುವೆ ಮೊಣಕಾಲುದ್ದ ನೀರಿನಲ್ಲಿ ಕಾಂಡ್ಲಾ ಗಿಡ. ಕೆಸರಿನ ಮೇಲೆ ಕಾಲಿದ್ದ ಹಾಗೆ ಕುಪ್ಪಳಿಸುವ ಮೀನುಗಳು, ಒಂದೇ ಕೊಂಬು ದೊಡ್ಡದಿರುವ ಪುಟ್ಟ ಕೆಂಪು ಏಡಿಗಳು. ಗೈಡ್ ಹುಟ್ಟು ಎತ್ತಿ ಮಡಿಲಲ್ಲಿಟ್ಟು ಸುಮ್ನೆ ಕೂತ. ಹನ್ನೆರಡು ಜನ ಇದ್ದರೂ ಯಾರೂ ಮಾತಾಡಲಿಲ್ಲ, ಮಾತಾಡಿದರೆ ಗೋಡೆ ವಾಪಸು ಹೇಳುತ್ತಿತ್ತು. ನಲವತ್ತು ಜನ ಇದ್ದಿದ್ದರೆ? ಆಯಿಯೇ ಮೊದಲು ಬಾಯಿ ಬಿಟ್ಟದ್ದು: "ಎಂತದೋ ತಮಾ, ನಮ್ಮ ಅಘನಾಶಿನಿ ಹಂಗೇ ಇದ್ದಲಾ." ಮೂವತ್ತು ಸಾವಿರ ಕೊಟ್ಟವನಿಗೆ ಈ ಮಾತು ಕೇಳಿ ಏನನಿಸಬೇಕು ಹೇಳಿ.

ಆಯಿಯ ಮಂಡಿ ಬಗ್ಗೆ ಹೇಳಬೇಕು, ಏಕೆಂದರೆ ತುಂಬ ಜನ ಹಿರಿಯರನ್ನು ಬಿಟ್ಟು ಹೋಗುತ್ತಾರೆ. ಕನೂವಿನಲ್ಲಿ ಕಾಲು ಚಾಚಿ ಕೂರುವುದು, ಮಲಗುವುದು ಅವರಿಗೆ ಕಷ್ಟವೇ ಆಗಲಿಲ್ಲ. ಕಷ್ಟ ಆದದ್ದು ಬೋಟಿನಿಂದ ಕನೂವಿಗೆ ಇಳಿಯುವಾಗ, ಅದಕ್ಕಿಂತ ಜಾಸ್ತಿ ಮತ್ತೆ ಹತ್ತುವಾಗ. ಇಬ್ಬರು ಹುಡುಗರು ಕೈ ಹಿಡಿದು ಎತ್ತಿಕೊಂಡರು, ಅವಸರ ಮಾಡಲಿಲ್ಲ. ದೊಡ್ಡ ಬೋಟಿನಲ್ಲಿ ಹಿಂದೆ ಮೂವತ್ತು ಜನ ಕಾಯುತ್ತಿರುವಾಗ ಇದು ಆಗುತ್ತಿರಲಿಲ್ಲ ಅನಿಸುತ್ತದೆ. ಆದರೆ ಇಕ್ಕಟ್ಟಾದ ಜಾಗಕ್ಕೆ ಹೆದರುವವರನ್ನು ದಯವಿಟ್ಟು ಒತ್ತಾಯ ಮಾಡಬೇಡಿ. ನಮ್ಮ ಗುಂಪಿನ ಒಬ್ಬರು ಗುಹೆಯ ಬಾಯಿಂದಲೇ ವಾಪಸಾದರು. ಅವರ ಪಾಲಿನ 4000 ನೀರಿಗೇ ಹೋಯಿತು.

ಇದರಲ್ಲಿ ಕುಂದಿಲ್ಲವೇ ಅಂದರೆ, ಇದೆ. ಸಣ್ಣ ಬೋಟು ಸ್ವಲ್ಪ ಜಾಸ್ತಿ ತೂಗಾಡುತ್ತದೆ. ದಿನ ಉದ್ದ, ಹೋಟೆಲ್ ಸೇರುವಾಗ ರಾತ್ರಿ ಒಂಬತ್ತು. ಊಟದ ಕತೆ ಇನ್ನೊಂದು. ಬುಕ್ ಮಾಡುವಾಗ ವೆಜ್ ಅಂತ ಬರೆದಿದ್ದೆ, ಆದರೂ ತರಕಾರಿ ಪಲ್ಯದಿಂದ ನಾಮ್ ಪ್ಲಾ, ಅಂದರೆ ಮೀನಿನ ಸಾರದ ವಾಸನೆ ಬಂತು. ಅವರ ಲೆಕ್ಕದಲ್ಲಿ ಮೀನಿನ ತುಂಡು ಇಲ್ಲದಿದ್ದರೆ ವೆಜ್. ಆಯಿ ಅನ್ನ, ಸೌತೆಕಾಯಿ, ಅನಾನಸು ತಿಂದು ಕೂತರು. ಆಮೇಲೆ ಒಬ್ಬರು ಹೇಳಿಕೊಟ್ಟರು: ಅಲ್ಲಿ 'ಜೇ' ಅಂತ ಕೇಳಬೇಕು. ಜೇ ಅಂದರೆ ಮಾಂಸ, ಮೀನು, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಂಗಡಿಗಳಲ್ಲಿ ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತಾರೆ. ಮಡಿಯವರಿಗೆ ಹೇಳಿ ಮಾಡಿಸಿದ ಪದ.

ಮೂರನೆಯದು ಬಾಡಿಗೆ ದೋಣಿ. ಉದ್ದ ಬಾಲದ ದೋಣಿ ಅಂತಾರೆ, ಹಿಂದೆ ಕಾರಿನದೋ ಲಾರಿಯದೋ ಇಂಜಿನ್ ಕೂರಿಸಿ ಅದಕ್ಕೆ ಉದ್ದ ಕೋಲಿನ ತುದಿಯಲ್ಲಿ ಫ್ಯಾನ್ ಕಟ್ಟಿರುತ್ತಾರೆ. ಸಣ್ಣ ಟೂರ್ ಆಗಿ ಎರಡು ದಿನದ ಮೇಲೆ ಫುಕೆಟ್ ಬಿಟ್ಟು, ಸೇತುವೆ ದಾಟಿ ಫಂಙಾ ಪಟ್ಟಣದಲ್ಲಿ ಒಂದು ರಾತ್ರಿ ಉಳಿದೆವು. ಬೆಳಗ್ಗೆ ಏಳೂವರೆಗೆ ಜೆಟ್ಟಿಗೆ ಹೋಗಿ ಮಾತಾಡಿ 1800 ಬಾತ್‌ಗೆ ದೋಣಿ ಹಿಡಿದೆವು, ಮೂರು ಗಂಟೆಗೆ, ಮೂವರಿಗೂ ಸೇರಿ. ಉದ್ಯಾನದ ಟಿಕೆಟ್ ಬೇರೆ, ವಿದೇಶಿ ದೊಡ್ಡವರಿಗೆ 300. (ಟೂರ್‌ನವರ ದರದಲ್ಲಿ ಇದು ಸೇರಿದೆಯೋ ಇಲ್ಲವೋ ಅಂತ ಮೊದಲೇ ಕೇಳಿ, ದೊಡ್ಡ ಬೋಟಿನವರು ನಮ್ಮಿಂದ ಜೆಟ್ಟಿಯಲ್ಲಿ ಬೇರೆ ವಸೂಲಿ ಮಾಡಿದ್ದರು.)

ದುಡ್ಡಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಕಾಂಡ್ಲಾ ಕಾಡಿನ ನಡುವಿನ ಕಾಲುವೆಯಿಂದ ಹೊರಡುತ್ತೀರಿ, ಥಾಮ್ ಲಾಟ್ ಗುಹೆಯ ಕಮಾನಿನ ಕೆಳಗೆ ದೋಣಿಯೇ ತೂರಿ ಹೋಗುತ್ತದೆ, ಖಾವ್ ಖಿಯನ್ ಬಂಡೆಯ ಮೇಲಿನ ಹಳೇ ಕಾಲದ ಚಿತ್ರಗಳು ದೋಣಿಯಲ್ಲಿ ಕೂತೇ ಕಾಣುತ್ತವೆ. ಜೇಮ್ಸ್ ಬಾಂಡ್ ದ್ವೀಪಕ್ಕೆ ಎಂಟೂವರೆಗೇ ಮುಟ್ಟಿದೆವು, ನಮ್ಮನ್ನು ಬಿಟ್ಟರೆ ಹತ್ತು ಜನ. ಆದರೆ ಇಂಜಿನ್ ಸದ್ದು! ಕಿವಿ ಸಂಜೆವರೆಗೂ ಗುಂಯ್ ಅನ್ನುತ್ತಿತ್ತು. ಕನೂ ಇಲ್ಲ, ಹಾಂಗ್ ಒಳಗೆ ಹೋಗುವ ಮಾತೇ ಇಲ್ಲ. ಅಂಬಿಗನಿಗೆ ಇಂಗ್ಲಿಷ್ ಬಾರದು, ನಮಗೆ ಥಾಯ್ ಬಾರದು, ಬೆರಳು ತೋರಿಸಿ ನಗುವುದೇ ವಿವರಣೆ.

ಇದರಲ್ಲಿ ನನಗೆ ಹಿಡಿಸಿದ್ದು ಕೋ ಪನ್ಯೀ. ಬಂಡೆಯೊಂದಕ್ಕೆ ಅಂಟಿಕೊಂಡು ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಊರು. ಜಾವಾದಿಂದ ಬಂದ ಮುಸ್ಲಿಂ ಮೀನುಗಾರರು ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ನೆಲೆಯೂರಿದ್ದು. 1986ರಲ್ಲಿ ವಿಶ್ವಕಪ್ ನೋಡಿದ ಇಲ್ಲಿನ ಹುಡುಗರು, ಆಡಲು ನೆಲವೇ ಇಲ್ಲ ಅಂತ ಹಳೇ ಮರದ ತೆಪ್ಪ ಜೋಡಿಸಿ ನೀರಿನ ಮೇಲೇ ಫುಟ್ಬಾಲ್ ಮೈದಾನ ಮಾಡಿಕೊಂಡರು. ದೊಡ್ಡ ಬೋಟಿನಲ್ಲಿ ಬಂದಾಗ ಈ ಊರು ನನಗೆ ಬರೀ ಊಟದ ಹಾಲ್ ಆಗಿ ಕಂಡಿತ್ತು, ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಬೋಟುಗಳೂ ಅಲ್ಲೇ ಉಣ್ಣಿಸುತ್ತವೆ. ಬೆಳಗ್ಗೆ ಒಂಬತ್ತಕ್ಕೆ ಹೋದರೆ ಅಂಗಳದಲ್ಲಿ ಮೀನು ಒಣಗುತ್ತಿತ್ತು, ಬಲೆ ಹೊಲಿಯುತ್ತಿದ್ದರು, ಮಕ್ಕಳು ಶಾಲೆಯಲ್ಲಿ ಗಟ್ಟಿಯಾಗಿ ಪಾಠ ಒಪ್ಪಿಸುತ್ತಿದ್ದರು. ಅದೇ ಊರು, ಹೊತ್ತು ಬೇರೆ.

ಹಾಗಾಗಿ ಭಾವನಿಗೆ ಹೇಳಿದೆ: ಇಬ್ಬರು ಸಣ್ಣ ಮಕ್ಕಳಿದ್ದಾರೆ, ಅವರಿಗೆ ಓಡಾಡಲು ಜಾಗ, ಶೌಚಾಲಯ ಬೇಕು ಅಂದರೆ ದೊಡ್ಡ ಬೋಟೇ ಸರಿ, ಆದರೆ ಅದನ್ನು ಕನೂ ಟೂರ್ ಅಂದುಕೊಳ್ಳಬೇಡ. ಒಂದು ರಾತ್ರಿ ಜಾಸ್ತಿ ಸಿಕ್ಕರೆ ಫಂಙಾ ಪಟ್ಟಣಕ್ಕೆ ಹೋಗಿ ಬಾಡಿಗೆ ದೋಣಿ ಹಿಡಿ. ಹಾಂಗ್ ನೋಡಲೇಬೇಕು ಅಂದರೆ ಸಣ್ಣ ಗುಂಪು, ಬೇರೆ ದಾರಿಯಿಲ್ಲ. ಮಳೆಗಾಲಕ್ಕೂ ತೀರಾ ಹೆದರಬೇಕಿಲ್ಲ, ಪಶ್ಚಿಮದ ಗಾಳಿಗೆ ಫುಕೆಟ್ ದ್ವೀಪವೇ ಅಡ್ಡ ನಿಂತಿರುವುದರಿಂದ ಕೊಲ್ಲಿಯೊಳಗೆ ಅಲೆ ಕಡಿಮೆ. ಟಿಕೆಟ್ ಮಾಡುವ ಮೊದಲು ಒಂದು ಸಲ ಪಂಚಾಂಗ ನೋಡು. ಅಮಾವಾಸ್ಯೆ ಹತ್ತಿರ ಇದ್ದರೆ ಒಳ್ಳೆಯದು.

ಅಮಾವಾಸ್ಯೆ ಯಾಕೆ ಅಂದ. ಸಂಜೆಯ ಕೊನೆಯ ಸುತ್ತಿಗಾಗಿ. ಆ ಸಣ್ಣ ಟೂರಿನಲ್ಲಿ ಊಟಕ್ಕೆ ಮೊದಲು ಎಲ್ಲರನ್ನೂ ಕೂರಿಸಿ ಕ್ರಥೋಂಗ್ ಮಾಡಿಸುತ್ತಾರೆ. ಬಾಳೆದಿಂಡಿನ ಬಿಲ್ಲೆ, ಸುತ್ತ ಬಾಳೆಲೆ ಮಡಿಚಿ ಚುಚ್ಚುವುದು, ಮೇಲೆ ಹೂವು, ಮೇಣದಬತ್ತಿ. ಮಿಕ್ಕವರೆಲ್ಲ ಎಲೆ ಹರಿದುಕೊಂಡು ಪರದಾಡುವಾಗ ಆಯಿ ದೊನ್ನೆ ಕಟ್ಟಿದ ಕೈ, ಎರಡು ನಿಮಿಷದಲ್ಲಿ ಮುಗಿಸಿ ಗೈಡಿನದ್ದನ್ನೂ ತಿದ್ದಿದರು. ಕತ್ತಲಾದ ಮೇಲೆ ಗುಹೆಯೊಳಗೆ ಅದನ್ನು ತೇಲಿಬಿಟ್ಟು, ಟಾರ್ಚ್ ಆರಿಸಿ, ನೀರಿಗೆ ಕೈ ಹಾಕಿ ಅಂದರು. ಕೈಯಾಡಿಸಿದ ಕಡೆಯೆಲ್ಲ ನೀರು ನೀಲಿಯಾಗಿ ಮಿನುಗಿತು, ಕಣ್ಣಿಗೆ ಕಾಣದ ಸಣ್ಣ ಜೀವಿಗಳ ಬೆಳಕಂತೆ. ಬೆಳದಿಂಗಳಿದ್ದರೆ ಇದು ಸರಿಯಾಗಿ ಕಾಣುವುದಿಲ್ಲ. ಆಯಿ ಮೊಣಕೈವರೆಗೂ ನೀರಲ್ಲಿಟ್ಟು ಕೂತಿದ್ದರು, ಏಳಲು ಒಪ್ಪಲಿಲ್ಲ. ಹೊರಡುವಾಗ ಹುಡುಗರು ತೇಲಿಬಿಟ್ಟ ಕ್ರಥೋಂಗ್‌ಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ ಬೋಟಿಗೆ ಹಾಕಿಕೊಂಡರು, ಒಂದು ಪಿನ್ನೂ ನೀರಲ್ಲಿ ಬಿಡಲಿಲ್ಲ. ಗೋಕರ್ಣದ ಕೋಟಿತೀರ್ಥದಲ್ಲೂ ಯಾರಾದರೂ ಹೀಗೆ ಹೆಕ್ಕಬಾರದಾ, ಅಂತ ಆಯಿ ದಾರಿಯುದ್ದಕ್ಕೂ ಕೇಳುತ್ತಿದ್ದರು.